ಬಿಲ್ಲಿನ ಹಿಂದೆ ಗೀಚಿದ್ದು



ಇವನು ಕಂಪ್ಯೂಟರ್ ಬಗ್ಗೆ ಕೊರೆಯುತ್ತಾನೆ ಎಂದು ಹೆದರಬೇಡಿ. ಚಿತ್ರ ಬರೆಯಲಾಗದೆ ಒದ್ದಾಡಿದ ಕಥೆ ಹೇಳುತ್ತೇನೆ.

ಈ ಶಾಲೆಯಲ್ಲಿದ್ದಾಗ ಗೋಡೆ ಪತ್ರಿಕೆಗೆ ಚಿತ್ರ ಬೇಕೆಂದರೆ ನನ್ನನ್ನೇ ಕರೆಯುತ್ತಿದ್ದರು. ಡ್ರಾಯಿಂಗ್ ಲೋಯರ್ ಗ್ರೇಡ್ ಪಾಸಾಗಿದ್ದೆ. ಬಿ.ಇ. ಸೇರಿದ ಮೇಲೆ ಪೆನ್ಸಿಲ್ ಬಿಟ್ಟೇಹೋಯಿತು. ಕಳೆದ ವರ್ಷ ಸಮಿತಿಯವರು ಫೋನ್ ಮಾಡಿ, "ಕೆಡವಿದ ಹಳೇ ಹೆಂಚಿನ ಕಟ್ಟಡದ ಒಂದು ಫೋಟೋನೂ ಸಿಕ್ಕಿಲ್ಲ, ನೀನೇ ನೆನಪಿನಿಂದ ಬರೆದುಕೊಡಪ್ಪ" ಎಂದರು. ಒಪ್ಪಿಕೊಂಡೆ. ದುಬಾರಿ ಡ್ರಾಯಿಂಗ್ ಪುಸ್ತಕ ತಂದೆ. ಮೂರು ತಿಂಗಳಾದರೂ ಮೊದಲ ಪುಟ ಖಾಲಿ. ಒಂದು ಗೆರೆ ಎಳೆಯುವುದು, ಸೊಟ್ಟ ಅನ್ನಿಸಿ ಅಳಿಸುವುದು. ನಮ್ಮ ಕೆಲಸದಲ್ಲಿ ತಪ್ಪಾದರೆ ಒಂದು ಬಟನ್ ಒತ್ತಿ ಹಿಂದಕ್ಕೆ ಹೋಗುತ್ತೇವೆ. ಆ ಅಭ್ಯಾಸವೇ ಕೈ ಕಟ್ಟಿತೋ ಏನೋ!

ಕೊನೆಗೆ ಕಿಮೋನ್ ನಿಕೊಲೈಡಿಸ್ ಎಂಬ ಅಮೆರಿಕದ ಚಿತ್ರಕಲಾ ಶಿಕ್ಷಕರ ಪಾಠ ಕೈಗೆ ಸಿಕ್ಕಿತು. ಅವರ ಪುಸ್ತಕ ಬಂದದ್ದು 1941ರಲ್ಲಿ. ಪೆನ್ಸಿಲ್ ಆ ವಸ್ತುವನ್ನೇ ಮುಟ್ಟುತ್ತಿದೆ ಎಂದುಕೊಂಡು, ಕಾಗದ ನೋಡದೆ ಅಂಚನ್ನು ನಿಧಾನವಾಗಿ ಎಳೆಯಬೇಕು. ಇನ್ನೊಂದು ಪಾಠದಲ್ಲಿ ಇದರ ಉಲ್ಟಾ: ಒಂದೇ ನಿಮಿಷದಲ್ಲಿ ಸರಸರನೆ ಗೀಚಿ ಮುಗಿಸಬೇಕು. ಅಂದ ನೋಡುವ ಹಾಗಿಲ್ಲ.

ಡ್ರಾಯಿಂಗ್ ಪುಸ್ತಕ ಎತ್ತಿಟ್ಟೆ. ಹಳೆಯ ಕರೆಂಟ್ ಬಿಲ್ಲುಗಳ ಹಿಂದೆ ಬಾಲ್‌ಪೆನ್ನಿನಲ್ಲಿ ಶುರು ಮಾಡಿದೆ, ಅದನ್ನು ಅಳಿಸಲಾಗುವುದಿಲ್ಲವಲ್ಲ. ಕಾಫಿ ಲೋಟ ಕುಂಬಳಕಾಯಿಯಾಯಿತು. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ರವೀಂದ್ರನಾಥ ಟಾಗೋರರೂ ಕವಿತೆಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಗೀಚಿ ಗೀಚಿ ಹಕ್ಕಿ, ಮೃಗ ಮಾಡುತ್ತಿದ್ದರು. ಹಾಗೆ ಗೀಚುತ್ತಲೇ ಅರವತ್ತು ದಾಟಿದ ಮೇಲೆ ಚಿತ್ರಕಾರರಾದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಪ್ರದರ್ಶನವಾಯಿತು. ನನ್ನ ಕುಂಬಳಕಾಯಿಗೆ ಅಷ್ಟು ಯೋಗವಿಲ್ಲ ಬಿಡಿ.

ಒಂದು ರಾತ್ರಿ, ಆಫೀಸಿನ ಕೆಲಸದ ನಡುವೆ, ಸುಮ್ಮನೆ ಕಂಬಗಳನ್ನು ಗೀಚುತ್ತಿದ್ದೆ. ಎರಡನೇ ಕಂಬದ ಪಕ್ಕದಲ್ಲಿ ಕೈ ತಾನಾಗಿ ಒಂದು ಗೆರೆ ಇಳಿಸಿತು. ಏನಿದು ಎಂದು ನೋಡಿದರೆ, ಗಂಟೆ ಬಾರಿಸಲು ನೇತುಹಾಕಿದ್ದ ರೈಲು ಕಂಬಿಯ ತುಂಡು! ಇಷ್ಟು ವರ್ಷ ಅದು ನನಗೆ ನೆನಪೇ ಇರಲಿಲ್ಲ. ಅದರ ಹಿಂದೆಯೇ ಕಿಟಕಿ, ಹೆಂಚು, ನಾವು ಕೂರುತ್ತಿದ್ದ ಜಗಲಿ, ಎಲ್ಲ ಬಂದವು.

ಆ ಚಿತ್ರವನ್ನು ಸಂಚಿಕೆಗೆ ಕೊಟ್ಟಿದ್ದೇನೆ. ಧ್ವಜಸ್ತಂಭ ಸ್ವಲ್ಪ ವಾಲಿದೆ. ಡ್ರಾಯಿಂಗ್ ಮೇಷ್ಟ್ರೇ, ಅದಕ್ಕೆ ಅಂಕ ಕಳೆಯಬೇಡಿ.