ಒಂದೇ ಕೋಟೆಯ ಸೆರೆ

(ಮಧುಗಿರಿಯ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಈ ಊರಿನ ಬೆಟ್ಟವನ್ನು ಹೊರಗಿನಿಂದ ಬಂದವರು ಬೆರಗಾಗಿ ನೋಡುತ್ತಾರೆ. ನಿಮಗೆ ಅದು ಹುಟ್ಟಿದಂದಿನಿಂದ ಕಂಡ ಬಂಡೆ. ಅದರ ತಲೆಯ ಮೇಲೆ ಮೋಡ ಕೂತರೆ ಮಳೆ ಬಂದೀತೇ ಎಂದು ಒಮ್ಮೆ ಕತ್ತೆತ್ತುತ್ತೀರಿ, ಅಷ್ಟೆ. ರಾಜ್ಯಕ್ಕೆ ಏಳು ಅಂಗಗಳೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಅದರಲ್ಲಿ ದುರ್ಗಕ್ಕೆ ಎರಡು ಕೆಲಸ. ಹೊರಗಿನ ಶತ್ರು ಒಳಗೆ ಬಾರದಂತೆ ತಡೆಯುವುದು ಒಂದು. ಒಳಗೆ ಕೂಡಿಹಾಕಿದವರು ಹೊರಗೆ ಹೋಗದಂತೆ ನೋಡಿಕೊಳ್ಳುವುದು ಇನ್ನೊಂದು. ಈ ಮಧುಗಿರಿ ದುರ್ಗ ಎರಡನೆಯ ಕೆಲಸವನ್ನೂ ಬಹಳ ಚೆನ್ನಾಗಿ ಮಾಡಿದೆ. ಇಲ್ಲಿ ಸೆರೆಯಲ್ಲಿದ್ದವರಲ್ಲಿ ನಮ್ಮ ಸಮಾಜದ ಒಬ್ಬ ತಾಯಿ ಇದ್ದಳು. ಕೆಳದಿಯ ರಾಣಿ ವೀರಮ್ಮಾಜಿ. ಇವತ್ತು ಆಕೆಯ ಕಥೆಯನ್ನೇ ಹೇಳಬೇಕೆಂದಿದ್ದೇವೆ. ಏಕೆ ಎಂಬುದು ಈ ಸಭೆಯಲ್ಲಿ ಕೆಲವರಿಗೆ ಗೊತ್ತಿದೆ. ಉಳಿದವರಿಗೆ ಕೊನೆಗೆ ಗೊತ್ತಾಗುತ್ತದೆ.

ಮೊದಲು ಈ ಸೀಮೆಯ ಮಾತು. ಶಿರಾ ಕೋಟೆಗೆ ಅಸ್ತಿವಾರ ಹಾಕಿದವನು ರತ್ನಗಿರಿಯ ಕಸ್ತೂರಿ ರಂಗಪ್ಪ ನಾಯಕ. ಪಾವಗಡದಲ್ಲಿ ನಾಯಕರು, ಕೊರಟಗೆರೆಯಲ್ಲಿ ಭೈರೇಗೌಡನ ವಂಶದವರು, ಈ ಮದ್ದಗಿರಿಯಲ್ಲಿ ಮಹಾನಾಡಪ್ರಭುಗಳು. ಇಲ್ಲಿ ರಾಮಪ್ಪಗೌಡ, ತಿಮ್ಮಪ್ಪಗೌಡ ಎಂಬಿಬ್ಬರು ಕೂಡಿ ಆಳುತ್ತಿದ್ದಾಗ, 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯ ಬಂದು ಕೋಟೆ ಹಿಡಿಯಿತು. ಈ ಪಾಳೆಯಪಟ್ಟುಗಳ ಚರಿತ್ರೆಯನ್ನೆಲ್ಲ ಹೇಳುತ್ತ ಕುಳಿತರೆ ಪ್ರಸಾದದ ಹೊತ್ತು ಮೀರುತ್ತದೆ. ಬಿಜಾಪುರದವರು ಬಂದರು, 1687ರಲ್ಲಿ ಮೊಗಲರು ಬಂದು ಶಿರಾವನ್ನು ಸುಬಾದ ರಾಜಧಾನಿ ಮಾಡಿದರು, ಆಮೇಲೆ ಮರಾಠರು ಬಂದರು. ಹೊಲ ಉಳುವವನು ಮಾತ್ರ ಅವನೇ. ಕಂದಾಯ ಕೇಳುವ ಬಾಯಿ ಬದಲಾಗುತ್ತಿತ್ತು.

ಹೀಗಿರುವಾಗ 1761ರಲ್ಲಿ ಮೈಸೂರಿನಲ್ಲಿ ಹೈದರಾಲಿಯ ಕೈ ಮೇಲಾಯಿತು. ಪಟ್ಟದಲ್ಲಿ ಒಡೆಯರು, ಆಳ್ವಿಕೆ ಹೈದರನದು. ಹೊಸ ಆಳ್ವಿಕೆ ಎಂದರೆ ಹೊಸ ಮನೆಯಿದ್ದಂತೆ, ಗೋಡೆಯ ಹಸಿ ಇನ್ನೂ ಆರಿರುವುದಿಲ್ಲ. ಅವನ ಲೆಕ್ಕಪತ್ರ ನೋಡಿಕೊಂಡಿದ್ದ ಖಂಡೇರಾಯನೇ ಹಿಂದಿನ ವರ್ಷ ಅವನ ಮೇಲೆ ತಿರುಗಿಬಿದ್ದಿದ್ದ. ಸೋತು ಪಂಜರ ಸೇರಿದ. ಬಲ ಬಂದಿತ್ತು, ಹೆಸರು ಬೇಕಾಗಿತ್ತು. ಆ ಹೆಸರು ಬಂದದ್ದು ನಮ್ಮ ಶಿರಾದಿಂದ. ನಿಜಾಮನ ತಮ್ಮ ಬಸಾಲತ್ ಜಂಗ್ ಮೂರು ಲಕ್ಷ ರೂಪಾಯಿಗೆ ಶಿರಾದ ನವಾಬಗಿರಿಯನ್ನು ಹೈದರನಿಗೆ ಬರೆದುಕೊಟ್ಟ. ಆಗ ಶಿರಾ ಇದ್ದದ್ದು ಮರಾಠರ ಕೈಯಲ್ಲಿ! ತನ್ನದಲ್ಲದ ಹೊಲವನ್ನು ಒಬ್ಬ ಮಾರಿದ, ಇನ್ನೊಬ್ಬ ತಿಳಿದೇ ಕೊಂಡ. ಆಮೇಲೆ ಇಬ್ಬರೂ ಕೂಡಿ ಹೋಗಿ ಹೊಲ ಹಿಡಿದುಕೊಂಡರು. ನಗಬೇಡಿ, ಕಲ್ಯಾಣದಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ಬಸವಣ್ಣನವರು ಭಂಡಾರ ನೋಡಿಕೊಂಡ ಬಿಜ್ಜಳನೂ ಚಾಲುಕ್ಯರ ಮಾಂಡಲಿಕನಾಗಿದ್ದು ಅವರದೇ ಪಟ್ಟ ಏರಿದವನು. ಅವನ ಮಕ್ಕಳ ಕಾಲ ಇಪ್ಪತ್ತು ವರ್ಷವೂ ತುಂಬಲಿಲ್ಲ.

ಈಗ ಕೆಳದಿಗೆ ಹೋಗೋಣ. ಶಿವಪ್ಪ ನಾಯಕನ ಕೆಳದಿ, ಔರಂಗಜೇಬನಿಗೆ ಹೆದರದೆ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿಯ ಕೆಳದಿ. ಅರಸನಾದವನು ಏನೇನು ತಿಳಿದಿರಬೇಕೆಂದು ಸಂಸ್ಕೃತದಲ್ಲಿ 'ಶಿವತತ್ತ್ವರತ್ನಾಕರ'ದಂಥ ಮಹಾಗ್ರಂಥ ಬರೆದ ಬಸಪ್ಪ ನಾಯಕನ ಕೆಳದಿ. ಅಂಥ ಮನೆತನದಲ್ಲಿ ಎರಡನೆಯ ಬಸಪ್ಪ ನಾಯಕನಿಗೆ ಸ್ವಂತ ಮಗನಿರಲಿಲ್ಲ. ದತ್ತುಪುತ್ರ ಚೆನ್ನಬಸಪ್ಪ ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು 1757ರಲ್ಲಿ ತೀರಿಕೊಂಡ. ರಾಣಿ ವೀರಮ್ಮಾಜಿ ಸೋಮಶೇಖರನನ್ನು ದತ್ತು ತೆಗೆದುಕೊಂಡು ತಾನೇ ರಾಜ್ಯ ನಡೆಸಿದಳು. ಹುಡುಗನ ಸಾವಿನ ವಿಷಯದಲ್ಲಿ ರಾಣಿಯ ಮೇಲೆ ಅಪವಾದ ಹೊರಿಸಿದರು, ಆಕೆಯ ಶೀಲದ ಮಾತನ್ನೂ ಎತ್ತಿದರು. ವಿಲ್ಕ್ಸ್ ಎಂಬ ಇಂಗ್ಲಿಷ್ ಇತಿಹಾಸಕಾರ ಅದನ್ನೆಲ್ಲ ಬರೆದಿಟ್ಟಿದ್ದಾನೆ. ಅವನು ಬರೆದದ್ದು ರಾಜ್ಯ ಹೋಗಿ ಸುಮಾರು ಐವತ್ತು ವರ್ಷಗಳ ಮೇಲೆ. ಸೋತ ಮನೆಯ ವಿಧವೆಯ ಬಗ್ಗೆ ಗೆದ್ದ ಮನೆಯ ಜಗಲಿಯಲ್ಲಿ ಹುಟ್ಟಿದ ಮಾತನ್ನು ನಾವು ಸುಲಭವಾಗಿ ಒಪ್ಪುವವರಲ್ಲ. ಆದರೆ ಒಂದು ಮಾತು ನಿಜ. ಅರಮನೆಯಲ್ಲಿ ಬಿರುಕು ಬಿಟ್ಟಿತ್ತು, ಆ ಬಿರುಕು ಹೊರಗಿನವರ ಕಣ್ಣಿಗೂ ಬಿದ್ದಿತ್ತು.

ಆ ಹೊತ್ತಿನಲ್ಲಿ ಒಬ್ಬ ತರುಣ ಕಾಣಿಸಿಕೊಂಡ. "ನಾನೇ ಚೆನ್ನಬಸಪ್ಪ ನಾಯಕ, ನನ್ನನ್ನು ಕೊಲ್ಲಲು ಬಂದವನೇ ಕರುಣೆಯಿಂದ ಬಚ್ಚಿಟ್ಟಿದ್ದ, ನಾನು ಸತ್ತಿಲ್ಲ" ಎಂದ. ಅವನನ್ನು ಹೈದರನ ಮುಂದೆ ತಂದು ನಿಲ್ಲಿಸಿದವನು ಚಿತ್ರದುರ್ಗದ ಮದಕರಿ ನಾಯಕ. ಹೈದರನ ಸಿಪಾಯಿಗಳೇ ಅವನನ್ನು ಸತ್ತು ಎದ್ದುಬಂದ ರಾಜನೆಂದು ಹಾಸ್ಯ ಮಾಡುತ್ತಿದ್ದರಂತೆ. ಸಿಪಾಯಿಗೆ ತಿಳಿದದ್ದು ಹೈದರನಿಗೆ ತಿಳಿಯಲಿಲ್ಲವೇ? ಚೆನ್ನಾಗಿ ತಿಳಿದಿತ್ತು. ಆ ಮುಖ ನಿಜವೋ ಸುಳ್ಳೋ ಅವನಿಗೆ ಬೇಕಾಗಿರಲಿಲ್ಲ. ಬಿದನೂರಿನ ದಾರಿಯಲ್ಲಿ ಮುಂದೆ ಹಿಡಿದುಕೊಂಡು ಹೋಗಲು ಒಂದು ಹೆಸರು ಬೇಕಾಗಿತ್ತು.

1763ರ ಆರಂಭದಲ್ಲಿ ದಂಡು ಹೊರಟಿತು. ದಂಡು ಮುಂದುವರಿದಷ್ಟೂ ರಾಣಿ ಕೊಡುತ್ತೇನೆಂದ ಹಣ ಏರುತ್ತ ಹೋಗಿ ಹದಿನೆಂಟು ಲಕ್ಷ ವರಹದವರೆಗೆ ಹೋಯಿತು. ಹೈದರ ನಿಲ್ಲಲಿಲ್ಲ. ಏಕೆ ನಿಲ್ಲಬೇಕು? ಕುಂಸಿಯ ಸೆರೆಮನೆಯಲ್ಲಿ ಅವನಿಗೆ ಲಿಂಗಣ್ಣನೆಂಬ ಕೆಳದಿಯ ಹಳೆಯ ಮಂತ್ರಿ ಸಿಕ್ಕಿದ್ದ. ಆತ ತನ್ನ ರಾಜಧಾನಿಗೆ ಹೋಗುವ ಗುಪ್ತಮಾರ್ಗವನ್ನು ತೋರಿಸಿಕೊಟ್ಟ. ಬಾಹ್ಯಕೋಪಕ್ಕಿಂತ ಆಭ್ಯಂತರ ಕೋಪ ಹೆಚ್ಚು ಅಪಾಯವೆಂದು ಕೌಟಿಲ್ಯ ಹೇಳಿದ್ದನ್ನು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ಆದದ್ದು ಈ ಲಿಂಗಣ್ಣನ ಕಥೆ ಓದಿದಾಗ. ರಾಣಿ ಬಲ್ಲಾಳರಾಯನದುರ್ಗಕ್ಕೆ ಹೋದಳು. ಬಿದನೂರು ಬಿತ್ತು. ಊರಿನ ಹೆಸರೂ ಹೋಗಿ ಹೈದರನಗರವಾಯಿತು.

ಈಗ ಕೇಳಿ. ಬಿದನೂರು ಕೈಗೆ ಬಂದ ಮೇಲೆ ಆ ಚೆನ್ನಬಸಪ್ಪನಿಗೆ ಪಟ್ಟ ಕಟ್ಟಿದನೇ? ಇಲ್ಲ. ರಾಣಿ ವೀರಮ್ಮಾಜಿ, ಆಕೆಯ ದತ್ತುಪುತ್ರ ಸೋಮಶೇಖರ, ಅವರ ವಿರುದ್ಧ ಹಕ್ಕು ಹೂಡಿ ಬಂದ ಆ ಯುವಕ ಎಲ್ಲರನ್ನೂ ಒಟ್ಟಿಗೆ ಈ ಮಧುಗಿರಿ ಕೋಟೆಗೆ ಕಳಿಸಿದ. ವಾದಿಗೂ ಪ್ರತಿವಾದಿಗೂ ಒಂದೇ ಸೆರೆ! ಇದೇ ಬಂಡೆಯ ಮೇಲೆ ಅವರು ಒಂದೇ ಬಿಸಿಲು ಕಾದಿರಬೇಕು, ಒಂದೇ ದೊಣೆಯ ನೀರು ಕುಡಿದಿರಬೇಕು. ಎದುರೆದುರು ಬಂದಾಗ ಏನು ಮಾತಾಡಿಕೊಂಡರೋ ಶಿವನೇ ಬಲ್ಲ. ಪಾವಗಡದ ನಾಯಕನನ್ನು ಕುಟುಂಬಸಮೇತ ಇಲ್ಲಿಗೇ ಸೆರೆ ತಂದರೆಂದೂ ಹೇಳುತ್ತಾರೆ.

ಇದನ್ನು ಕೇಳಿ ಯಾರಾದರೂ ಮತದ ಜಗಳವೆಂದು ತಿಳಿದರೆ ಅದು ತಪ್ಪು. ಹಕ್ಕುದಾರನನ್ನು ತಂದುಕೊಟ್ಟವನು ಮದಕರಿ ನಾಯಕ, ದಾರಿ ತೋರಿದವನು ಲಿಂಗಣ್ಣ. ಹೈದರನನ್ನೂ ಅವನ ಸ್ವಂತದವರು ಬಿಡಲಿಲ್ಲ. ಅದೇ ವರ್ಷ ಬಿದನೂರಿನಲ್ಲಿ ಅವನನ್ನು ಕೊಲ್ಲುವ ಒಳಸಂಚು ಬಯಲಾಗಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ನೇಣಿಗೆ ಹಾಕಿಸಿದ. ಪೇಶ್ವೆ ಮಾಧವರಾಯ ದಂಡೆತ್ತಿ ಬಂದಾಗ ಹೈದರನ ಭಾವಮೈದುನ ಮೀರ್ ರಜಾನೇ ಶಿರಾ ಕೋಟೆಯನ್ನು ಒಪ್ಪಿಸಿ ಬದಲಿಗೆ ಗುರ್ರಂಕೊಂಡ ಪಡೆದ. ಮದಕರಿ ನಾಯಕನೂ 1779ರಲ್ಲಿ ಅದೇ ಹೈದರನ ಕೈಗೆ ಸಿಕ್ಕಿ ಶ್ರೀರಂಗಪಟ್ಟಣದ ಸೆರೆ ಸೇರಿದ. 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು ಮರಾಠರ ದಂಡು. ಇದರಲ್ಲಿ ಮತ ಎಲ್ಲಿದೆ ಹುಡುಕಿ.

ಮಾಧವರಾಯ 1767ರಲ್ಲಿ ಈ ಮಧುಗಿರಿಯನ್ನೂ ಹಿಡಿದ, ವೀರಮ್ಮಾಜಿಗೆ ಬಿಡುಗಡೆಯಾಯಿತು. ಪುಣೆಗೆ ಹೊರಟ ಆ ತಾಯಿ ಪುಣೆ ಮುಟ್ಟಲಿಲ್ಲ. ದಾರಿಯಲ್ಲಿಯೇ ಲಿಂಗೈಕ್ಯಳಾದಳು.

ಕೆಳದಿಯ ಹೆಸರು ಮಾತ್ರ ಸಾಯಲಿಲ್ಲ. 1799ರಲ್ಲಿ ಮೈಸೂರು ಪಟ್ಟ ಮತ್ತೆ ಒಡೆಯರಿಗೆ ಬಂತು. ಅದೂ ಹೊಸದಾಗಿ ನೆಟ್ಟ ಸಸಿಯೇ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕೂಡಿದರು. ಗುತ್ತಿಗೆ ಹಿಡಿದ ಅಮಲ್ದಾರರು ಕಂದಾಯವನ್ನು ಹಿಂಡಿ ಹಿಂಡಿ ತೆಗೆಯುತ್ತಿದ್ದರು. ದೂರು ಕೊಟ್ಟರೆ ಕೇಳುವವರಿರಲಿಲ್ಲ. ಆಗ ಬೂದಿ ಬಸಪ್ಪನೆಂಬವನು ತಾನು ಕೆಳದಿಯ ವಾರಸುದಾರನೆಂದು ಎದ್ದು ನಿಂತ. ಅವನು ಸಾಮಾನ್ಯ ರೈತನ ಮಗ. ಕೆಳದಿ ಅರಸರ ಮುದ್ರೆಯುಂಗುರ ಒಬ್ಬ ಜಂಗಮರ ಬಳಿಯಿಂದ ಅವನ ಕೈಸೇರಿತ್ತೆಂದು ಗೆಜೆಟಿಯರಿನಲ್ಲಿ ಬರೆದಿದ್ದಾರೆ. (ನಮ್ಮಂಥ ಕಾವಿಯವರೂ ಸ್ವಲ್ಪ ನೋಡಿಕೊಂಡಿರಬೇಕು!) ಹಕ್ಕು ಸುಳ್ಳು, ಸಂದೇಹವಿಲ್ಲ. ಆದರೂ ಸಾವಿರಾರು ಜನ ಅವನ ಹಿಂದೆ ಹೋದರಲ್ಲ, ಅವರ ಹೊಟ್ಟೆಯ ಸಂಕಟ ಸುಳ್ಳಾಗಿತ್ತೇ? ಮೊದಲ ಹಕ್ಕುದಾರನ ಬೆನ್ನಿಗೆ ನಿಂತದ್ದು ಒಬ್ಬನ ಆಸೆ. ಎರಡನೆಯವನ ಬೆನ್ನಿಗೆ ನಿಂತದ್ದು ರೈತರ ನೋವು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ದಂಗೆ ಅಡಗಿಸಿದರು. ಆದರೆ 1831ರ ಅಕ್ಟೋಬರಿನಲ್ಲಿ ಇಂಗ್ಲಿಷರು ಅದನ್ನೇ ಕಾರಣ ಮಾಡಿ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡರು. ತಿರುಗಿ ಕೊಟ್ಟದ್ದು 1881ರಲ್ಲಿ, ಐವತ್ತು ವರ್ಷಗಳ ಮೇಲೆ, ಅವರ ದತ್ತುಪುತ್ರರಿಗೆ.

ಇನ್ನು ನಮ್ಮ ಮಾತು. ಈ ಸೀಮೆಯ ಒಂದು ಊರು, ಹೆಸರು ಬೇಡ. ರಥೋತ್ಸವದಲ್ಲಿ ಮೊದಲ ಕಾಯಿ ಯಾರದು ಎಂದು ದಾಯಾದಿಗಳ ಎರಡು ಮನೆಗಳಿಗೆ ವ್ಯಾಜ್ಯ. ಹಿರಿಯ ಮನೆಯವರು ಕೋರ್ಟಿಗೆ ಹೋದರು. ಕಿರಿಯ ಮನೆಯವರು ಒಬ್ಬ ದೊಡ್ಡ ಮನುಷ್ಯನ ಬೆನ್ನು ಹಿಡಿದರು. ಎರಡು ವರ್ಷದಿಂದ ತೇರು ಕದಲಿಲ್ಲ. ಗುಡಿಗೆ ಬೀಗ ಬಿದ್ದಿದೆ, ಬೀಗದ ಕೈ ಈ ಮನೆಯಲ್ಲೂ ಇಲ್ಲ, ಆ ಮನೆಯಲ್ಲೂ ಇಲ್ಲ. ಹಿರಿಯರು ಮೊನ್ನೆ ಬಂದು, "ಬುದ್ಧೀ, ಅವರ ಹಕ್ಕು ಸುಳ್ಳು ಎಂದು ತಾವು ಒಂದು ಮಾತು ಅಪ್ಪಣೆ ಕೊಡಿಸಬೇಕು" ಎಂದರು. ನಾವು ಕೇಳಿದೆವು: "ಅವರ ಮನೆಯ ಹೆಣ್ಣುಮಕ್ಕಳು ಆರತಿ ಹಿಡಿದು ಬಂದಾಗ ಹೊಸಲ ಹೊರಗೆ ನಿಲ್ಲಿಸಿದ್ದು ನಿಜವೇ?" ಯಜಮಾನರು ತಲೆ ತಗ್ಗಿಸಿದರು.

ಬರುವ ಸೋಮವಾರ ಎರಡೂ ಮನೆಯವರು ಮಠಕ್ಕೆ ಬರಬೇಕೆಂದು ಹೇಳಿ ಕಳಿಸಿದ್ದೇವೆ. ಜೊತೆಗೆ ಹೊರಗಿನವರು ಯಾರೂ ಬರುವುದು ಬೇಡ, ಆ ದೊಡ್ಡ ಮನುಷ್ಯರೂ ಬೇಡ. ಮೊದಲು ಕಿರಿಯ ಮನೆಯ ತಾಯಂದಿರು ಮಾತಾಡಲಿ. ಕಾಯಿಯ ವಿಷಯ ಆಮೇಲೆ ನೋಡೋಣ. ಆ ಊರಿನವರು ಈ ಸಭೆಯಲ್ಲಿ ಇದ್ದೀರಿ. ತಪ್ಪದೆ ಬನ್ನಿ, ದಾಸೋಹಕ್ಕೆ ಅಲ್ಲಿಯೇ ವ್ಯವಸ್ಥೆಯಾಗಿದೆ.