ಗೆದ್ದವರು ಬರೆದ ನಕ್ಷೆ, ನಾವು ಬರೆಯಬೇಕಾದ ನಕ್ಷೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಭೂಮಾಪನದ ಕೆಲಸ ಮಾಡಿದವನು ನಾನು. ಸರಪಳಿ ಎಳೆದು, ಗಡಿಕಲ್ಲು ಹುಡುಕಿ, ಟಿಪ್ಪಣಿ ಬರೆದೇ ಆಯುಷ್ಯ ಕಳೆಯಿತು. ಹಾಗಾಗಿ ಇಂದು ಒಂದು ನಕ್ಷೆಯ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ಅದು ಬೆಂಗಳೂರು ಕೋಟೆಯ ನಕ್ಷೆ. ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನು ಹಿಡಿಯಿತು. ಮಾರ್ಚ್ 21ರ ರಾತ್ರಿ, ಬೆಳದಿಂಗಳಲ್ಲಿ, ಕೋಟೆಗೆ ನುಗ್ಗಿತು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದ. ಆ ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ 1794ರಲ್ಲಿ ಮೈಸೂರು ಸೀಮೆಯ ದೃಶ್ಯಗಳ ಪುಸ್ತಕವೊಂದನ್ನು ಹೊರತಂದ. ಈ ನಕ್ಷೆ ಆ ಪುಸ್ತಕದಲ್ಲಿದೆ. ಅದರ ಶೀರ್ಷಿಕೆಯಲ್ಲಿರುವ ತಾರೀಕು 1791ರ ಮಾರ್ಚ್ 22, ಅಂದರೆ ಕೋಟೆ ಬಿದ್ದ ಮರುದಿನ.

ನಕ್ಷೆಯಲ್ಲಿ ಕೋಟೆ ಮೊಟ್ಟೆಯ ಆಕಾರದಲ್ಲಿ ಕಾಣುತ್ತದೆ. ಸುತ್ತ ಕೊತ್ತಲಗಳು, ಕಂದಕ. ಉತ್ತರಕ್ಕೆ ದೆಹಲಿ ಬಾಗಿಲು, ಅದರಾಚೆ ಪೇಟೆ. ದಾಳಿ ಎಲ್ಲೆಲ್ಲಿ ನಡೆಯಿತು ಎಂಬುದನ್ನೂ ಗುರುತಿಸಿದ್ದಾರೆ. ಕೆಲಸ ಅಚ್ಚುಕಟ್ಟು. ವೃತ್ತಿಯವನಾಗಿ ಅದಕ್ಕೆ ಕೈ ಮುಗಿಯುತ್ತೇನೆ.

ಆದರೆ ಯಾವ ನಕ್ಷೆ ಕೈಗೆ ಬಂದರೂ ಮೂರು ಪ್ರಶ್ನೆ ಕೇಳಬೇಕು: ಬರೆದವರು ಯಾರು? ಯಾವಾಗ ಬರೆದರು? ಯಾತಕ್ಕೆ ಬರೆದರು? ಇದನ್ನು ಬರೆದವರು ಗೆದ್ದವರು. ಬರೆದದ್ದು ಕೋಟೆಯನ್ನು ಹೇಗೆ ಹಿಡಿದೆವು ಎಂದು ತೋರಿಸಲು. ಆದ್ದರಿಂದ ಅವರಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಪೇಟೆಯ ನೇಕಾರರು, ಅರಳೆ ವ್ಯಾಪಾರಿಗಳು, ಅಕ್ಕಿ ಮಂಡಿಯವರು ಇಲ್ಲ. ಗೋಡೆ ಒಡೆದು ಕಂಡಿ ಬಿದ್ದ ಜಾಗದಲ್ಲಿ ಸತ್ತವರ ಲೆಕ್ಕವೂ ಇಲ್ಲ.

ಹಾಗೆಂದು ಅದನ್ನು ಪರರದ್ದು ಎಂದು ಬಿಸಾಡುವಂತಿಲ್ಲ. ಏಕೆಂದರೆ ಆ ಕೋಟೆಯೇ ಇಂದು ಇಲ್ಲ. 1792ರ ಒಪ್ಪಂದದ ನಂತರ ಕೋಟೆ ಟಿಪ್ಪು ಸುಲ್ತಾನನಿಗೆ ಮರಳಿತು. ಇಂಗ್ಲಿಷರೆದುರು ಉಪಯೋಗಕ್ಕೆ ಬರದ ಕೋಟೆ ಎಂದು ಅವನೇ ಅದನ್ನು ಕೆಡವಿಸಿದ. ಮುಂದೆ ದಿವಾನ್ ಪೂರ್ಣಯ್ಯನವರು ದುರಸ್ತಿ ಮಾಡಿಸಿದರು. ಆಮೇಲೆ ಬೆಳೆಯುವ ಊರಿಗೆ ಜಾಗ ಬೇಕಾಯಿತು. ರಸ್ತೆ, ಆಸ್ಪತ್ರೆ, ಶಾಲೆ, ಮಾರುಕಟ್ಟೆಗಳು ಬಂದವು, ಗೋಡೆ ಕರಗುತ್ತಾ ಹೋಯಿತು. ಇಂದು ಕೃಷ್ಣರಾಜೇಂದ್ರ ಮಾರುಕಟ್ಟೆಯ ಪಕ್ಕ ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ತುಂಡು ಗೋಡೆ ಉಳಿದಿದೆ. ಆ ತುಂಡನ್ನು ನೋಡಿ ಇಡೀ ಕೋಟೆಯನ್ನು ಊಹಿಸಲು ಸಾಧ್ಯವೇ? ಹಳೆಯ ನಕ್ಷೆ ಇಲ್ಲದಿದ್ದರೆ ಅದು ಎಷ್ಟು ದೂರ ಹಬ್ಬಿತ್ತು ಎಂದು ತಿಳಿಯುವುದೇ ಕಷ್ಟವಾಗುತ್ತಿತ್ತು. ಕೋಟೆಯನ್ನು ಒಡೆದವರ ಕಾಗದವೇ ಇವತ್ತು ಕೋಟೆಗೆ ಸಾಕ್ಷಿ.

ಇನ್ನೊಂದು ಸಂಗತಿ. ಕಾಲಿನ್ ಮೆಕೆಂಜಿ ಎಂಬ ಎಂಜಿನಿಯರ್ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮಂದಿರು ಅವನಿಗೆ ನೆರವಾದರು. ಮೆಕೆಂಜಿಯ ಕಡೆಯವರು ಊರೂರು ತಿರುಗಿ ಶಾಸನಗಳನ್ನು ನಕಲು ಮಾಡಿದರು, ಗ್ರಾಮದವರು ಹೇಳಿದ ಕತೆಗಳನ್ನು ಬರೆಸಿಕೊಂಡರು. ಅವನ್ನೇ ನಾವು ಕೈಫಿಯತ್ತುಗಳು ಎನ್ನುತ್ತೇವೆ. ಕಂಪನಿ ಸರ್ಕಾರಕ್ಕೆ ಕಂದಾಯದ ಆಸೆ ಇದ್ದದ್ದು ನಿಜ. ಆದರೂ ಗಮನಿಸಿ: ಮುತ್ತಿಗೆಯಲ್ಲಿ ಕೋಟೆ ಅಳೆದ ಕೈಯೇ ಊರಿಗೆ ಬಂದು ಬೇರೆ ಪ್ರಶ್ನೆ ಕೇಳಿತು. ಕೇಳಿದ್ದರಿಂದ ಊರಿನ ಮಾತು ಕಾಗದದ ಮೇಲೆ ಉಳಿಯಿತು. ಕೇಳದಿದ್ದದ್ದು ಉಳಿಯಲಿಲ್ಲ.

ಈಗ ನಮ್ಮೂರಿಗೆ ಬರೋಣ. ನಮ್ಮ ಗ್ರಾಮನಕ್ಷೆಯಲ್ಲಿ ಸರ್ವೆ ನಂಬರುಗಳಿವೆ, ಕೆರೆ ಇದೆ, ಬಂಡಿದಾರಿ ಇದೆ. ಆದರೆ ನಮ್ಮ ಅಜ್ಜಂದಿರು ಹೊಲಗಳನ್ನು ನಂಬರಿನಿಂದ ಕರೆಯಲಿಲ್ಲ. ಹುಣಸೆಮರದ ಹೊಲ, ಮಡಿವಾಳರ ಕಟ್ಟೆ, ಹುಲಿಕಲ್ಲು ದಿಣ್ಣೆ ಎಂದು ಕರೆದರು. ಆ ಹೆಸರುಗಳು ಯಾವ ದಾಖಲೆಯಲ್ಲೂ ಇಲ್ಲ. ಬೆಟ್ಟದ ಕಡೆಯಿಂದ ಕೆರೆಗೆ ನೀರು ತರುತ್ತಿದ್ದ ಕಾಲುವೆ ಎಲ್ಲೆಲ್ಲಿ ತಿರುಗುತ್ತಿತ್ತು ಎಂದು ನಿಖರವಾಗಿ ಬಲ್ಲವರು ಊರಿನಲ್ಲಿ ಐದಾರು ಮಂದಿ ಉಳಿದಿದ್ದಾರೆ. ಅವರಲ್ಲಿ ಇಬ್ಬರು ಈ ಸಭೆಯಲ್ಲೇ ಕುಳಿತಿದ್ದಾರೆ. ಕಾಲುವೆ ಮುಚ್ಚಿದ ಕಡೆ ಮನೆ ಎದ್ದಿವೆ, ತೋಟ ಬಂದಿವೆ. ಮಳೆ ಚೆನ್ನಾಗಿ ಹುಯ್ದ ವರ್ಷವೂ ಕೆರೆ ಕೋಡಿ ಬೀಳುವುದಿಲ್ಲ. ಯಾರನ್ನೂ ದೂರಲು ಈ ಮಾತು ಹೇಳುತ್ತಿಲ್ಲ. ಕಾಲುವೆ ಎಲ್ಲಿತ್ತೆಂದು ಗೊತ್ತಿದ್ದರೆ ತಾನೇ ಕೂತು ಮಾತಾಡಿ ಬಗೆಹರಿಸಿಕೊಳ್ಳಲು ಸಾಧ್ಯ?

ಆದ್ದರಿಂದ ಈ ಶಾಲೆಗೆ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಊರಿನ ನಕ್ಷೆಯೊಂದನ್ನು ಬರೆಯಲಿ. ಹಿರಿಯರ ಜೊತೆ ನಡೆದು ನೋಡಲಿ. ಮುಚ್ಚಿದ ಬಾವಿ, ಹಳೆಯ ತೂಬು, ಗುಂಡುತೋಪು, ವೀರಗಲ್ಲು, ಹೊಲದ ಹೆಸರು, ಎಲ್ಲವನ್ನೂ ಗುರುತಿಸಲಿ. ಯಾರು ಹೇಳಿದರು, ಯಾವತ್ತು ಹೇಳಿದರು ಎಂದೂ ಬರೆಯಲಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಲಿ. ಅಳತೆ ಕಲಿಸಲು ನಾನು ಬರುತ್ತೇನೆ, ನನ್ನ ಹಳೆಯ ಸರಪಳಿಯನ್ನೂ ತರುತ್ತೇನೆ. ಮುಗಿದ ನಕ್ಷೆಯ ಒಂದು ಪ್ರತಿ ಶಾಲೆಯಲ್ಲಿರಲಿ, ಇನ್ನೊಂದು ಪಂಚಾಯಿತಿಯಲ್ಲಿರಲಿ.

ಬೆಂಗಳೂರು ಕೋಟೆ ಹೇಗಿತ್ತೆಂದು ತಿಳಿಯಲು ನಾವು ಅದನ್ನು ಗೆದ್ದವರ ಕಾಗದ ನೋಡಬೇಕಾಗಿದೆ. ನಮ್ಮೂರು ಹೇಗಿತ್ತೆಂದು ಮುಂದಿನವರು ತಿಳಿಯಬೇಕಾದರೆ ನಮ್ಮ ಮಕ್ಕಳು ಬರೆದದ್ದನ್ನೇ ನೋಡುವಂತಾಗಲಿ. ಮಳೆಗಾಲ ಬರುವ ಮುಂಚೆಯೇ ಈ ಕೆಲಸ ಶುರುವಾಗಲಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳುತ್ತೇನೆ.