ಸೈಕಲ್ಲು ನಮ್ಮದು, ಆರೈಕೆಯೂ ನಮ್ಮದೇ



ಹೋದ ವಾರ ನಾವು 'ಚಕ್ರ' ಎಂಬ ಪದ ಬರೆಯಲು ಕಲಿತೆವು. ಇವತ್ತು ನಿಜವಾದ ಚಕ್ರದ ಮಾತಾಡೋಣ. ಕೇಂದ್ರದ ಮುಂದೆ ಒಂದು ಸೈಕಲ್ ನಿಲ್ಲಿಸಿದ್ದೇವೆ. ಎಲ್ಲರೂ ಸುತ್ತ ಬನ್ನಿ. ಮುಟ್ಟಿ ನೋಡಿ. ಕೈ ಕಪ್ಪಾಗುತ್ತೆ, ಆಗಲಿ ಬಿಡಿ. ಪಾತ್ರೆ ಮಸಿ ಉಜ್ಜಿದ ಕೈಗಳಿಗೆ ಇದೇನು ಹೊಸದಲ್ಲ.

2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತು. ಮಕ್ಕಳು ಓದಿ ಮುಂದೆ ಹೋದರು. ಸೈಕಲ್ಲು ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ಸೇರಿತು. ಅದನ್ನು ಹೊರಗೆ ತೆಗೆದು ನಾವು ತುಳಿಯಬಹುದಲ್ಲ? ಪಕ್ಕದ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1991ರಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಲ್ಲಿ ಸಾವಿರಾರು ಹೆಂಗಸರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿತರು. ಕಲ್ಲು ಕ್ವಾರಿಯ ಕೂಲಿಯವರು, ಅಂಗನವಾಡಿಯವರು ಎಲ್ಲರೂ ಕಲಿತರು.

ಆದರೆ ತುಳಿಯೋದು ಕಲಿತರೆ ಅರ್ಧ ಕಲಿತ ಹಾಗೆ. ಗಾಳಿಗೆ, ಎಣ್ಣೆಗೆ, ಬ್ರೇಕಿಗೆ ಮನೆಯ ಗಂಡಸರ ಬಿಡುವು ಕಾಯಬೇಕಾದರೆ ಆ ಸೈಕಲ್ಲು ನಮ್ಮದಾಗೋದಿಲ್ಲ.

ಮೊದಲು ಬ್ರೇಕು. ಹಿಂದೆ ಹಾಲಿನ ಕ್ಯಾನು, ಇಲ್ಲವೇ ಮಗು ಕೂತಿರುತ್ತೆ. ಮುಂದೆ ಇಳಿಜಾರು. ಆಗ ನಮ್ಮ ಜೀವ ಬೆರಳುದ್ದದ ನಾಲ್ಕು ರಬ್ಬರ್ ತುಂಡಿನ ಮೇಲಿರುತ್ತೆ. ಹಾಗಾಗಿ ದಿನಾ ಹತ್ತೋ ಮುಂಚೆ ಸೈಕಲ್ಲನ್ನು ನಾಲ್ಕು ಹೆಜ್ಜೆ ತಳ್ಳಿ, ಬ್ರೇಕ್ ಹಿಡಿಯಿರಿ. ಚಕ್ರ ಥಟ್ಟನೆ ನಿಲ್ಲಬೇಕು. ನಿಲ್ಲದಿದ್ದರೆ ಬಗ್ಗಿ ನೋಡಿ. ಹೊಸ ರಬ್ಬರಿನಲ್ಲಿ ಗೆರೆ ಗೆರೆ ಇರುತ್ತೆ. ಗೆರೆ ಸವೆದು ನುಣ್ಣಗಾಗಿದ್ದರೆ ರಬ್ಬರ್ ಬದಲಿಸಿ. ಅದು ಪೂರಾ ಸವೆದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ರಿಮ್ಮೇ ಹಾಳಾಗುತ್ತೆ. ರಬ್ಬರ್ ರಿಮ್ಮಿಗೆ ತಾಗಬೇಕು, ಟಯರಿಗೆ ತಾಗಬಾರದು. ತಾಗಿದರೆ ಟಯರ್ ಹರಿಯುತ್ತೆ. ವೈರ್ ಬ್ರೇಕ್ ಆದರೆ ಹಿಡಿಯ ಹತ್ತಿರ ತಂತಿ ನೋಡಿ. ಒಂದು ಎಳೆ ಕಿತ್ತಿದ್ದರೂ ವೈರ್ ಬದಲಿಸಿ.

ಬ್ರೇಕು ಕಿರುಗುಟ್ಟಿದರೆ ಅಲ್ಲಿಗೆ ಎಣ್ಣೆ ಬಿಡೋರಿದ್ದಾರೆ. ಅದೊಂದು ಬೇಡವೇ ಬೇಡ! ರಿಮ್ಮಿಗೆ ಎಣ್ಣೆ ಹತ್ತಿದರೆ ಬ್ರೇಕು ಜಾರುತ್ತೆ. ಮಳೇಲೂ ಹಾಗೇ. ಅದಕ್ಕೇ ಮಳೆ ಬಂದಾಗ ನಿಧಾನ ಹೋಗಿ, ಬ್ರೇಕ್ ಮೊದಲೇ ಹಿಡಿಯಿರಿ.

ಆಮೇಲೆ ಗಾಳಿ. ಹೆಬ್ಬೆರಳಿನಿಂದ ಟಯರನ್ನು ಜೋರಾಗಿ ಒತ್ತಿ. ಗಟ್ಟಿ ಇರಬೇಕು. ಭಾರ ಬೀಳೋ ಹಿಂದಿನ ಚಕ್ರ ಇನ್ನೂ ಗಟ್ಟಿ ಇರಬೇಕು. ಗಾಳಿ ಕಡಿಮೆ ಇದ್ದರೆ ಕಲ್ಲು ಸಿಕ್ಕಾಗ ರಿಮ್ಮು ಟ್ಯೂಬನ್ನು ಕಚ್ಚುತ್ತೆ. ತುಳಿಯೋಕೂ ಭಾರ. ದಿನಾ ಗಾಳಿ ಇಳೀತಾ ಇದ್ದರೆ ಪಂಚರ್ ಅಂತ ಹೆದರಬೇಡಿ. ವಾಲ್ವಿನ ಬಾಯಿಗೆ ಒಂದು ಹನಿ ಉಗುಳು ಹಚ್ಚಿ. ಗುಳ್ಳೆ ಎದ್ದರೆ ತಪ್ಪು ವಾಲ್ವಿನದು. ಒಳಗಿನ ಸಣ್ಣ ರಬ್ಬರ್ ಕೊಳವೆ ಬದಲಿಸಿದರೆ ಆಯಿತು, ಖರ್ಚು ಬಹಳ ಕಡಿಮೆ.

ಟಯರಿನ ಪಕ್ಕದಲ್ಲಿ ಬೆರಳಾಡಿಸಿ. ಉಬ್ಬಿದ ಬರಹ ಇದೆ. ಅಕ್ಷರ ಇಂಗ್ಲಿಷಿನವು. ಆದರೆ ಅಂಕಿ ನಮಗೆ ಗೊತ್ತಿರೋವೇ. 26 ಇದೆಯೋ, 28 ಇದೆಯೋ, ಅದರ ಮುಂದೆ ಏನಿದೆ, ಎಲ್ಲಾ ಚೀಟಿಗೆ ಬರೆದುಕೊಳ್ಳಿ. ಅಂಗಡಿಯಲ್ಲಿ ಆ ಚೀಟಿ ತೋರಿಸಿ ಟ್ಯೂಬು ಕೇಳಿ. ಮನೆಗೆ ತಂದ ಮೇಲೆ ಅಳತೆ ಆಗಲಿಲ್ಲ ಅನ್ನೋ ಪಾಡು ಇರೋದಿಲ್ಲ.

ಇನ್ನು ಚೈನು. ಚೈನಿನ ಕೆಳಭಾಗದ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಅರ್ಧ ಇಂಚಿನಷ್ಟು ಆಡಿದರೆ ಸರಿ. ತೀರಾ ಜೋತುಬಿದ್ದರೆ ದಾರೀಲಿ ಕಳಚುತ್ತೆ. ಹಿಂದಿನ ಚಕ್ರದ ಎರಡೂ ನಟ್ಟು ಸಡಿಲಿಸಿ, ಚಕ್ರವನ್ನು ಸ್ವಲ್ಪ ಹಿಂದಕ್ಕೆ ಎಳೆದು, ನೆಟ್ಟಗಿದೆಯೇ ನೋಡಿ ಮತ್ತೆ ಬಿಗಿ ಮಾಡಬೇಕು. ಈಗ ಒಬ್ಬೊಬ್ಬರೇ ಬಂದು ಮಾಡಿ. ಶಕ್ತಿ ಬೇಕು ಅಂತಾರೆ, ಸುಳ್ಳು. ಉದ್ದ ಹಿಡಿಯ ಸ್ಪ್ಯಾನರ್ ಇದ್ದರೆ ಸಾಕು. ಬೀಸುಕಲ್ಲಿನ ಗೂಟ ಅಂಚಿನಲ್ಲಿ ಯಾಕಿದೆ? ಅದೇ ಲೆಕ್ಕ.

ಎಣ್ಣೆ ಬಿಡೋ ಮುಂಚೆ ಹಳೇ ಬಟ್ಟೆಯಿಂದ ಚೈನಿನ ಮಣ್ಣು ಒರೆಸಿ. ಹೊಲಿಗೆ ಯಂತ್ರದ ಎಣ್ಣೆಯನ್ನು ಕೊಂಡಿ ಕೊಂಡಿಗೂ ಒಂದೊಂದು ಹನಿ ಬಿಡಿ. ಪೆಡಲನ್ನು ಹಿಂದಕ್ಕೆ ತಿರುಗಿಸಿ. ಆಮೇಲೆ ಹೊರಗಿನ ಎಣ್ಣೆ ಒರೆಸಿಬಿಡಿ. ಎಣ್ಣೆ ಬೇಕಾದ್ದು ಕೊಂಡಿಯ ಒಳಗೆ. ಹೊರಗೆ ಉಳಿದರೆ ಧೂಳು ಮೆತ್ತುತ್ತೆ. ಅಡುಗೆ ಎಣ್ಣೆ ಬೇಡ. ಅದು ದಿನ ಕಳೆದ ಹಾಗೆ ಅಂಟಾಗುತ್ತೆ.

ಚಕ್ರ, ಸೀಟು, ಹ್ಯಾಂಡಲ್ಲಿನ ನಟ್ಟುಗಳು ವಾರಕ್ಕೊಮ್ಮೆ ಬಿಗಿ ಇವೆಯೇ ನೋಡಿ. ಚೈನಿನ ಕವರು, ಹಿಂದಿನ ಚಕ್ರದ ಜಾಲರಿ ಕಿತ್ತುಹಾಕಬೇಡಿ. ಸೀರೆ, ಸೆರಗು ಉಳಿಸೋದು ಅವೇ. ಸೆರಗನ್ನೂ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಎಣ್ಣೆ ಬಿಟ್ಟ ದಿನ, ರಬ್ಬರ್ ಬದಲಿಸಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. 'ಎಣ್ಣೆ', 'ಬ್ರೇಕ್' ಅಂತ ಒಂದೇ ಪದ ಸಾಕು. ನಿಮ್ಮ ಕೈಬರಹದಲ್ಲೇ ಇರಲಿ.

ಮುಂದಿನ ವಾರ ಪಂಚರ್ ಹಾಕೋದು ಕಲಿಯೋಣ. ಮನೇಲಿ ಹಳೇ ಟ್ಯೂಬು ಇದ್ದರೆ ತನ್ನಿ. ನೀರು ತುಂಬಲು ಅಗಲ ಬಾಯಿಯ ಬೋಗುಣಿ ಯಾರಾದರೂ ಒಬ್ಬರು ತಂದರೆ ಸಾಕು.